ಮೂವತ್ತನಾಲ್ಕು ವರ್ಷಗಳ ನಂತರ ಮತ್ತೆ ಕಾರ್ನೆಟ್

ಹಿತ್ತಾಳೆ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಅಟ್ಟದ ಮೇಲಿರುವ ಅಜ್ಜಿಯ ಕಾಲದ ಹಂಡೆ, ದಾದಿಯ ಪಾನ್‌ದಾನ್, ಹಬ್ಬ ಹತ್ತಿರ ಬಂದಾಗ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುವ ತಟ್ಟೆ ಲೋಟಗಳು. ಬಹುತೇಕ ಮನೆಗಳಲ್ಲಿ ಹಿತ್ತಾಳೆಯೆಂದರೆ ಅಡುಗೆಮನೆಯ ಮಾತು. ನಾನು ಹುಟ್ಟಿ ಬೆಳೆದ ಮೈಸೂರಿನ ಮಂಡಿ ಮೊಹಲ್ಲಾದ ಮನೆಯಲ್ಲಿ ಮಾತ್ರ ಅದು ನಡುಮನೆಯ ಗೋಡೆಯ ಮೇಲೆ ಮೊಳೆಗೆ ನೇತುಬಿದ್ದಿರುತ್ತಿತ್ತು. ಐದು ಕಾರ್ನೆಟ್, ಎರಡು ಯೂಫೋನಿಯಂ, ಹೊಟ್ಟೆ ಚಪ್ಪಟೆಯಾದ ಒಂದು ಹಳೆಯ ಬ್ಯೂಗಲ್. ನಮ್ಮ ಅಬ್ಬಾ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಮಾಸ್ಟರ್ ಆಗಿದ್ದರು. ಅವರ ಕೈಕೆಳಗೆ ಹದಿನಾಲ್ಕು ಜನ. ಹಗಲಿನಲ್ಲಿ ಅವರಲ್ಲಿ ಒಬ್ಬರು ಸೈಕಲ್ ರಿಪೇರಿಯವರು, ಇಬ್ಬರು ಬೀಡಿ ಕಟ್ಟುವವರು, ಒಬ್ಬರು ಟೈಲರ್. ಸಂಜೆ ಕೆಂಪು ಕೋಟು, ಚಿನ್ನದ ಬಣ್ಣದ ಜರಿಪಟ್ಟಿ ಹಾಕಿದರೆ ಎಲ್ಲರೂ ಒಂದೇ ಥರ ಕಾಣುತ್ತಿದ್ದರು.

ಕಾರ್ನೆಟ್ ಎಂದರೆ ಟ್ರಂಪೆಟ್ಟಿನ ತಂಗಿ ಅಂದುಕೊಳ್ಳಿ. ಎರಡರ ಒಳಗಿನ ಕೊಳವೆಯನ್ನೂ ಬಿಚ್ಚಿ ನೇರ ಮಾಡಿದರೆ ಹೆಚ್ಚು ಕಡಿಮೆ ಒಂದೇ ಉದ್ದ, ಸುಮಾರು ನಾಲ್ಕೂವರೆ ಅಡಿ. ಕಾರ್ನೆಟ್ಟಿನದು ಮಾತ್ರ ಹೆಚ್ಚು ಸುತ್ತು ಸುತ್ತಿಕೊಂಡು ಮೋಟಾಗಿರುತ್ತದೆ. ಕೊಳವೆ ಬಾಯಿಯ ಕಡೆಗೆ ನಿಧಾನವಾಗಿ ಅಗಲವಾಗುತ್ತಾ ಹೋಗುವುದರಿಂದ ಸ್ವರ ಚುಚ್ಚುವುದಿಲ್ಲ, ಸ್ವಲ್ಪ ಮೆತ್ತಗೆ ಬರುತ್ತದೆ. ಮೇಲೆ ಮೂರು ಗುಂಡಿಗಳು. ಬ್ಯಾಂಡಿನವರು ಅವನ್ನು ವಾಲ್ವ್ ಅನ್ನುತ್ತಾರೆ. ಒತ್ತಿದಾಗ ಗಾಳಿ ಒಂದಿಷ್ಟು ಹೆಚ್ಚುವರಿ ಕೊಳವೆಯೊಳಗೆ ಸುತ್ತಿ ಬರುತ್ತದೆ, ಕೊಳವೆ ಉದ್ದವಾದಷ್ಟು ಸ್ವರ ಕೆಳಗಿಳಿಯುತ್ತದೆ. ನಡುವಿನದು ಅರ್ಧ ಸ್ವರ ಇಳಿಸಿದರೆ ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಸುಮಾರು 1815ರ ಹೊತ್ತಿಗೆ ಜರ್ಮನಿಯಲ್ಲಿ ಈ ಉಪಾಯ ಕಂಡುಹಿಡಿಯುವವರೆಗೆ ಕಹಳೆಗೆ ಎಲ್ಲ ಸ್ವರಗಳೂ ಎಟುಕುತ್ತಿರಲಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅಬ್ಬಾ ಮೆರವಣಿಗೆ ಇಲ್ಲದ ದಿನಗಳಲ್ಲಿ ಬೇರೆ ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ತಗ್ಗು ಬಿದ್ದದ್ದನ್ನು ಎತ್ತುವುದು, ಬೆಸುಗೆ ಹಾಕುವುದು, ಸಿಕ್ಕಿಕೊಂಡ ವಾಲ್ವ್ ಬಿಡಿಸುವುದು. ಬೆಸುಗೆಯ ಹೊಗೆಯಲ್ಲಿ ಕೆಲಸ ಮಾಡಿ ಅವರ ಗಂಟಲು ಕಟ್ಟಿರುತ್ತಿತ್ತು. ಸರಿಯಾಗಿದೆಯೋ ಇಲ್ಲವೋ ಎಂದು ಊದಿ ನೋಡುವುದಕ್ಕೆ ಒಬ್ಬರು ಬೇಕಾಗಿತ್ತು. ಅಣ್ಣನಿಗೆ ಕ್ರಿಕೆಟ್ ಹುಚ್ಚು. ತಮ್ಮ ಇನ್ನೂ ಚಿಕ್ಕವನು. ಹೀಗೆ 1977ರಲ್ಲಿ, ನನಗೆ ಒಂಬತ್ತು ವರ್ಷವಾದಾಗ, ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಹದಿನೈದು ದಿನ ಅವರು ನನ್ನ ಕೈಗೆ ವಾದ್ಯವನ್ನೇ ಕೊಡಲಿಲ್ಲ. ಗೋಡೆಗೆ ಒಂದು ಕಾಗದದ ಚೂರು ಹಿಡಿದು, ಕೈಬಿಟ್ಟು, ಅದು ಬೀಳದಂತೆ ಊದು ಎಂದರು. ಕಾಗದ ನಿಂತ ಮೇಲೆ ಬರೀ ಮೌತ್‌ಪೀಸ್ ಕೊಟ್ಟರು. ತುಟಿಗಳನ್ನು ಕೂಡಿಸಿ ಅದರೊಳಗೆ ದುಂಬಿಯಂತೆ ಗುಂಯ್‌ಗುಟ್ಟಬೇಕು. "ಬೇಟಿ, ಈ ಹಿತ್ತಾಳೆ ತಾನಾಗಿ ಹಾಡುವುದಿಲ್ಲ. ಹಾಡುವುದು ನಿನ್ನ ತುಟಿ. ಇದು ಅದನ್ನು ದೊಡ್ಡದು ಮಾಡುತ್ತದೆ ಅಷ್ಟೆ" ಅನ್ನುತ್ತಿದ್ದರು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ನಾನು ಬ್ಯಾಂಡಿನವರು ನುಡಿಸುವ ಸಿನಿಮಾ ಹಾಡುಗಳನ್ನೆಲ್ಲ ಊದುತ್ತಿದ್ದೆ. ಎಲ್ಲವೂ ಮನೆಯೊಳಗೆ, ಹಿಂದಿನ ಕೋಣೆಯಲ್ಲಿ. ಹೊರಗೆ ಕೇಳಿದವರು ಅಬ್ಬಾನೇ ಊದುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಅಮ್ಮಿ ಯಾರ ಅನುಮಾನವನ್ನೂ ತಿದ್ದಲು ಹೋಗಲಿಲ್ಲ.

ಮೈಸೂರಿಗೆ ಈ ವಾದ್ಯ ಹೊಸದೇನೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಗೆ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು, ಪಾಶ್ಚಾತ್ಯ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಆಟೊ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರು ಅದರ ನಿರ್ದೇಶಕರಾಗಿದ್ದರು. ಅಬ್ಬಾನ ಉಸ್ತಾದರು ಆ ಅರಮನೆ ಬ್ಯಾಂಡಿನವರ ಹತ್ತಿರ ಕಲಿತವರಂತೆ. ಇಂದಿಗೂ ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಸಾಗುವಾಗ ಜನ ಎದ್ದು ನಿಂತು ನೋಡುತ್ತಾರೆ. ಆದರೆ ಸಹೋದರಿಯರೇ, ಅದೇ ವಾದ್ಯವನ್ನು ಹಿಡಿದು ಮದುವೆ ಮನೆಯ ಮುಂದೆ ನಿಂತವನಿಗೆ ಸಿಗುವ ಮರ್ಯಾದೆ ಎಷ್ಟು ಎಂಬುದು ನಿಮಗೆ ಗೊತ್ತೇ ಇದೆ. ಮದುಮಗನನ್ನು ಚಪ್ಪರದವರೆಗೆ ತಲುಪಿಸುವುದು ಅವರ ಕೆಲಸ. ಎಲ್ಲರ ಊಟ ಮುಗಿದ ಮೇಲೆ ಹಿಂದಿನ ಬಾಗಿಲಲ್ಲಿ ಅವರ ಎಲೆ. ಉತ್ತರ ಭಾರತದಲ್ಲೂ ಈ ಕಸುಬು ಮಾಡುವವರಲ್ಲಿ ದೊಡ್ಡ ಪಾಲು ನಮ್ಮವರೇ. ಈ ವಾದ್ಯಗಳನ್ನು ತಯಾರಿಸುವವರಲ್ಲೂ ಅಷ್ಟೇ. ಮೀರತ್ತಿನ ಜಾಲಿ ಕೋಠಿ ಎಂಬ ಬಡಾವಣೆಯ ಗಲ್ಲಿಗಳಲ್ಲಿ ಮನೆಮನೆಯಲ್ಲೂ ಹಿತ್ತಾಳೆ ಬಡಿಯುವ ಸದ್ದು. ಸೈನ್ಯದಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದ ನಾದಿರ್ ಅಲಿ ಎಂಬವರ ಹೆಸರಿನ ಕಂಪೆನಿ 1885ರಲ್ಲಿ ಅಲ್ಲಿ ಆರಂಭವಾಯಿತು. ಅಬ್ಬಾನ ಕಾರ್ನೆಟ್ಟಿನ ಅಗಲ ಬಾಯಿಯ ಮೇಲೂ ಮೀರತ್ ಎಂದು ಕೆತ್ತಿದೆ.

1988ರಲ್ಲಿ ನನಗೆ ಹಾಸನದಿಂದ ಸಂಬಂಧ ಬಂತು. ಮಾತುಕತೆ ನಡೆಸಿದವರು ಹುಡುಗಿಯ ತಂದೆಗೆ 'ಹಿತ್ತಾಳೆ ಸಾಮಾನು ರಿಪೇರಿ' ಕೆಲಸ ಎಂದು ಹೇಳಿದರು. ಸುಳ್ಳೇನಲ್ಲವಲ್ಲ! ಅಬ್ಬಾ ಏನೂ ಮಾತಾಡಲಿಲ್ಲ. ಆದರೆ ವರ್ಷಗಟ್ಟಲೆ ಮೌತ್‌ಪೀಸ್ ಒತ್ತಿ ಒತ್ತಿ ಅವರ ಮೇಲ್ದುಟಿಯ ಮೇಲೆ ಉಂಗುರದ ಹಾಗೆ ಒಂದು ಗುರುತು ಬಿದ್ದಿತ್ತು. ಹುಡುಗನ ಕಡೆಯವರು ಬರುವ ಮುನ್ನ ಮೀಸೆ ಸ್ವಲ್ಪ ದಪ್ಪ ಬಿಡಿ ಎಂದು ಅದೇ ಮಧ್ಯವರ್ತಿ ಸಲಹೆ ಕೊಟ್ಟರು. ಅಬ್ಬಾ ಬಿಟ್ಟರು.

ನನ್ನ ನಿಕಾಹ್ ದಿನ ಬ್ಯಾಂಡ್ ಇರಲಿಲ್ಲ. ಬ್ಯಾಂಡಿನ ಹದಿನಾಲ್ಕು ಜನರೂ ಬಂದಿದ್ದರು. ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ಅತಿಥಿಗಳಾಗಿ. ಅಷ್ಟು ಮದುವೆಗಳಿಗೆ ಹೋದ ಅವರು ಮೊದಲನೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಗೊತ್ತಾಗದೆ ಅವರಲ್ಲಿ ಕೆಲವರು ಕೈಕಟ್ಟಿಕೊಂಡು ನಿಂತಿದ್ದರು.

ಹಾಸನದಲ್ಲಿ ನನ್ನ ಸಂಸಾರ ಚೆನ್ನಾಗಿಯೇ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಅತ್ತೆ ಕೆಟ್ಟವರಲ್ಲ. ಅಬ್ಬಾನ ಕಸುಬು ಅವರಿಗೆ ತಿಳಿಯಲು ಒಂದು ವರ್ಷವೂ ಬೇಕಾಗಲಿಲ್ಲ. ತಿಳಿದ ಮೇಲೆ "ಹಲಾಲ್ ದುಡಿಮೆ ತಾನೆ" ಎಂದರು. ಆದರೆ ಓಣಿಯವರಿಗೆ ಹೇಳುವುದು ಬೇಡ ಎಂದೂ ಸೇರಿಸಿದರು. ಮೂರು ಮಕ್ಕಳು, ಹೊಲಿಗೆ, ಅತ್ತೆಯ ಕಾಯಿಲೆ, ಮಕ್ಕಳ ಓದು. ಕಾರ್ನೆಟ್ಟನ್ನು ನಾನು ತ್ಯಾಗ ಮಾಡಿದೆ ಎಂದೆಲ್ಲ ದೊಡ್ಡ ಮಾತು ಬೇಡ. ಅದಕ್ಕೆ ನನ್ನ ಹೊಸ ಬದುಕಿನಲ್ಲಿ ಮೊಳೆ ಇರಲಿಲ್ಲ, ಅಷ್ಟೇ. ಅಬ್ಬಾನ ಬ್ಯಾಂಡ್ 1996ರಲ್ಲಿ ಮುಚ್ಚಿತು. ಮದುವೆಗಳಿಗೆ ಡಬ್ಬಿಯಂಥ ದೊಡ್ಡ ಸ್ಪೀಕರುಗಳು ಬರತೊಡಗಿದ್ದವು. ಹದಿನಾಲ್ಕು ಜನರಿಗೆ ಕೂಲಿ ಕೊಡುವ ಬದಲು ಒಂದು ಟೇಪ್ ಹಾಕಿದರೆ ಆಗಿಹೋಗುತ್ತಿತ್ತು. 2001ರಲ್ಲಿ ಅಬ್ಬಾ ತೀರಿಕೊಂಡರು.

ಒಂದು ಮಾತ್ರ ಉಳಿಯಿತು. ನನ್ನ ಬಲಗೈಯ ಮೂರು ಬೆರಳುಗಳು ಸುಮ್ಮನೆ ಇರುತ್ತಿರಲಿಲ್ಲ. ರೇಡಿಯೋದಲ್ಲಿ ಹಾಡು ಬಂದರೆ ಚಹಾದ ಲೋಟದ ಮೇಲೆ, ಲಟ್ಟಣಿಗೆಯ ಮೇಲೆ, ಮಗುವನ್ನು ಮಲಗಿಸುವಾಗ ಅದರ ಬೆನ್ನ ಮೇಲೆ ಅವು ತಾವಾಗಿ ಒತ್ತುತ್ತಿದ್ದವು. ಮಗಳು ಚಿಕ್ಕವಳಿದ್ದಾಗ "ಅಮ್ಮಿ ಏನೋ ಟೈಪ್ ಮಾಡ್ತಾಳೆ" ಎಂದು ಶಾಲೆಯಲ್ಲಿ ಹೇಳಿದ್ದಳಂತೆ.

2022ರಲ್ಲಿ ಮೈಸೂರಿನ ಮನೆಯನ್ನು ಕೆಡವಿ ಕಟ್ಟುವುದೆಂದು ಅಣ್ಣ ತಮ್ಮ ತೀರ್ಮಾನಿಸಿದರು. ಸಾಮಾನು ಖಾಲಿ ಮಾಡಲು ನಾನೂ ಹೋಗಿದ್ದೆ. ಗುಜರಿಯವನು ಬಂದು ಹಿತ್ತಾಳೆಯನ್ನೆಲ್ಲ ಒಂದು ಕಡೆ ರಾಶಿ ಹಾಕಿದ. ಅಬ್ಬಾ ತಮಗೆಂದು ಇಟ್ಟುಕೊಂಡಿದ್ದ ಕಾರ್ನೆಟ್ ಹಂಡೆಯೊಳಗೆ ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಕೂತಿತ್ತು. ತಕ್ಕಡಿಯಲ್ಲಿ ಅದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗಿತು. ಮುನ್ನೂರು ಚಿಲ್ಲರೆ ರೂಪಾಯಿ ಲೆಕ್ಕ ಹೇಳಿದ. "ಇದು ಬೇಡ, ಇದು ನನ್ನದು" ಎಂದೆ. ಅಣ್ಣ ನಕ್ಕು "ತಗೋ, ಶೋಕೇಸಿನಲ್ಲಿ ಇಡು" ಎಂದ. ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಶೋಕೇಸ್ ಎಂಬ ಯೋಚನೆ ಚನ್ನರಾಯಪಟ್ಟಣ ದಾಟುವವರೆಗೂ ನನಗೂ ಇತ್ತು.

ಇಲ್ಲಿ ನಿಮಗೊಂದು ಉಪಯೋಗದ ಮಾತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಂಡೆಯ ಹಿತ್ತಾಳೆ ದಪ್ಪ, ಎಷ್ಟು ತಿಕ್ಕಿದರೂ ತಡೆಯುತ್ತದೆ. ಕಾರ್ನೆಟ್ಟಿನ ಕೊಳವೆಯ ದಪ್ಪ ಅರ್ಧ ಮಿಲಿಮೀಟರಿನಷ್ಟು. ವಾಲ್ವಿನ ಒಳಗಂತೂ ಕೂದಲೆಳೆಯಷ್ಟು ಸವೆದರೂ ಗಾಳಿ ಸೋರುತ್ತದೆ. ಹುಳಿ ಅಲ್ಲಿಗೆ ಹೋಗಬಾರದು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಮಗುವಿನ ಬಾಟಲಿ ತೊಳೆಯುವ ಬ್ರಷ್, ಇಷ್ಟು ಸಾಕು. ಕುದಿಯುವ ನೀರು ಹಾಕಿದರೆ ಮೇಲಿನ ಮೆರುಗು ಎದ್ದುಬರುತ್ತದೆ. ಮೌತ್‌ಪೀಸ್ ಸಿಕ್ಕಿಕೊಂಡಿದ್ದರೆ ಇಕ್ಕಳ ಹಾಕಿ ತಿರುಚಬೇಡಿ. ಕೊಳವೆಯೇ ತಿರುಚಿಕೊಂಡು ಬರುತ್ತದೆ. ಹೊರಮೈಯಲ್ಲಿ ಹಸಿರು ಕಿಲುಬು ಕಂಡರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಹೆದರಬೇಕಾದದ್ದು ಕೆಂಪು ಚುಕ್ಕೆಗಳಿಗೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ವಾದ್ಯಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಒಳಗಿನ ತೇವದಿಂದ ಸತು ಕರಗಿ ಹೋಗಿ ಬರೀ ತಾಮ್ರ ಉಳಿದಾಗ ಆ ಕೆಂಪು ಚುಕ್ಕೆ ಕಾಣಿಸುತ್ತದೆ. ಅಂದರೆ ಒಳಗಿನಿಂದ ತೂತು ಬೀಳಲು ಶುರುವಾಗಿದೆ ಎಂದರ್ಥ. ಅಬ್ಬಾನ ಕಾರ್ನೆಟ್ಟಿನಲ್ಲಿ ಅಂಥ ಚುಕ್ಕೆ ಎರಡೇ ಇವೆ. ಮೂರು ದಿನ ನೆನೆಸಿ ತೊಳೆದ ಮೇಲೆ ಮೊದಲನೆಯ, ಎರಡನೆಯ ವಾಲ್ವ್ ಬಿಟ್ಟವು. ಮೂರನೆಯದು ಒತ್ತಿದರೆ ಇಳಿಯುತ್ತದೆ, ಮೇಲೆ ಬರಲು ಮಾತ್ರ ಮನಸ್ಸು ಮಾಡುವುದಿಲ್ಲ.

ಊದಿ ನೋಡಿದೆ. ಗಾಳಿ ಮಾತ್ರ ಬಂತು. ಬರೀ ಗಾಳಿ, ಸೈಕಲ್ ಟ್ಯೂಬಿನಿಂದ ಬರುವ ಹಾಗೆ.

ಮರೆತುಹೋದದ್ದು ಯಾವುದು, ಮರೆಯದೆ ಉಳಿದದ್ದು ಯಾವುದು ಎಂಬುದು ಆ ವಾರದಲ್ಲೇ ತಿಳಿಯಿತು. ಬೆರಳು ಏನನ್ನೂ ಮರೆತಿರಲಿಲ್ಲ. ಕಿವಿಯೂ ಮರೆತಿರಲಿಲ್ಲ, ಯಾವ ಸ್ವರ ಬರಬೇಕು ಎಂದು ಅದಕ್ಕೆ ಮೊದಲೇ ಗೊತ್ತಿರುತ್ತಿತ್ತು. ಪೂರ್ತಿ ಮರೆತದ್ದು ತುಟಿ. ಬಾಯಿಯ ಸುತ್ತ ಉಂಗುರದಂತೆ ಒಂದು ಸ್ನಾಯು ಇದೆ. ಊದುವವರಲ್ಲಿ ಅದು ಪೈಲ್ವಾನನ ತೋಳಿನಂತೆ ಗಟ್ಟಿಯಾಗಿರುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಸಡಿಲಾಗುತ್ತದೆ. ಮೂವತ್ತನಾಲ್ಕು ವರ್ಷ ಬಿಟ್ಟರೆ? ಐವತ್ತನಾಲ್ಕರ ವಯಸ್ಸಿನಲ್ಲಿ ನಾನು ಮತ್ತೆ ಗೋಡೆಗೆ ಕಾಗದ ಹಿಡಿದು ನಿಂತೆ. ಮೊಮ್ಮಗ ಅದನ್ನು ಒಂದು ಆಟ ಎಂದುಕೊಂಡು ಪಕ್ಕದಲ್ಲಿ ತಾನೂ ಒಂದು ಕಾಗದ ಹಿಡಿದ. ಅವನದೇ ಹೆಚ್ಚು ಹೊತ್ತು ನಿಂತಿತು.

ಮರಳಿ ಬರುವವರ ದೊಡ್ಡ ಶತ್ರು ಹಳೆಯ ನೆನಪು. ಹದಿನೆಂಟರಲ್ಲಿ ಒಂದು ಗಂಟೆ ಊದುತ್ತಿದ್ದೆ ಎಂಬ ನೆನಪಿಟ್ಟುಕೊಂಡು ಈಗಲೂ ಹಾಗೇ ಊದಲು ಹೋದರೆ, ಸ್ನಾಯುವಿಗೆ ಶಕ್ತಿ ಸಾಲದೆ ಕೈ ತಾನಾಗಿ ಮೌತ್‌ಪೀಸನ್ನು ಹಲ್ಲಿಗೆ ಒತ್ತಿಬಿಡುತ್ತದೆ. ತುಟಿ ಊದಿಕೊಳ್ಳುತ್ತದೆ, ಒಳಗೆ ಗಾಯವಾಗುತ್ತದೆ. ಅಬ್ಬಾ ಟೈಫಾಯ್ಡಿನಿಂದ ಎದ್ದ ಹುಡುಗರನ್ನು ಮತ್ತೆ ಬ್ಯಾಂಡಿಗೆ ಸೇರಿಸಿಕೊಳ್ಳುವಾಗ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಎಷ್ಟು ಹೊತ್ತು ಊದಿದೆಯೋ ಅಷ್ಟೇ ಹೊತ್ತು ವಾದ್ಯ ಕೆಳಗಿಡು. ನಾನು ಅದನ್ನೇ ಹಿಡಿದೆ. ಎರಡು ನಿಮಿಷ ಊದು, ಎರಡು ನಿಮಿಷ ಬಿಡು. ದಿನಕ್ಕೆ ಒಟ್ಟು ಹತ್ತು ನಿಮಿಷ. ಒಂದೇ ಸ್ವರ, ಉದ್ದಕ್ಕೆ, ಮೆಲ್ಲಗೆ. ಹಾಡು ಬೇಡ. ಎತ್ತರದ ಸ್ವರವಂತೂ ಬೇಡವೇ ಬೇಡ. ಹೀಗೆ ಮೂರು ತಿಂಗಳು. ತಿಂಗಳಿಗೊಂದರಂತೆ ಸ್ವರ ಮೇಲೆ ಹತ್ತಿತು.

ಹಲ್ಲಿನ ವಿಷಯವನ್ನೂ ಹೇಳಬೇಕು, ನಮ್ಮ ವಯಸ್ಸಿನವರಿಗೆ ಅದು ಮುಖ್ಯ. ಮೌತ್‌ಪೀಸ್ ಕೂರುವುದು ತುಟಿಯ ಮೇಲಾದರೂ ತುಟಿಗೆ ಆಧಾರ ಮುಂದಿನ ಹಲ್ಲು. ನನ್ನ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ದಂತವೈದ್ಯೆಗೆ ಹೇಳಿದಾಗ ಆಕೆ ಮೊದಲು ನಂಬಲಿಲ್ಲ, ಆಮೇಲೆ ಕಾರ್ನೆಟ್ ತಂದು ತೋರಿಸಿ ಎಂದರು. ಕ್ಲಿನಿಕ್ಕಿನಲ್ಲಿ ಮೌತ್‌ಪೀಸ್ ಹಿಡಿದು ತೋರಿಸಿದೆ. ಒತ್ತಡ ಒಂದೇ ಹಲ್ಲಿನ ಮೇಲೆ ಬೀಳದಂತೆ ಸ್ವಲ್ಪ ಎಡಕ್ಕೆ ಸರಿಸಿ ಎಂದು ಸಲಹೆ ಕೊಟ್ಟರು. ಒಂದು ಕೂದಲೆಳೆ ಎಡಕ್ಕೆ ಸರಿದರೆ ಸ್ವರವೆಲ್ಲ ಬದಲು! ಮತ್ತೆ ಒಂದು ತಿಂಗಳು. ಇನ್ನೊಂದು ಎಚ್ಚರಿಕೆ: ಕಣ್ಣಿನ ಒತ್ತಡದ ತೊಂದರೆ ಅಂದರೆ ಗ್ಲಾಕೋಮಾ ಇರುವವರು, ಹರ್ನಿಯಾ ಇರುವವರು, ರಕ್ತದೊತ್ತಡ ಹಿಡಿತದಲ್ಲಿಲ್ಲದವರು ವೈದ್ಯರನ್ನು ಕೇಳದೆ ಇಂಥ ವಾದ್ಯ ಮುಟ್ಟಬಾರದು. ಬಲವಾಗಿ ಊದುವಾಗ ತಲೆಯ ಭಾಗದಲ್ಲಿ ಒತ್ತಡ ಏರುತ್ತದೆ. ಊದಿದರೆ ಆಸ್ತಮಾ ಹೋಗುತ್ತದೆ ಎಂದು ಹೇಳುವವರನ್ನೂ ಕಂಡಿದ್ದೇನೆ. ಇದು ಔಷಧಿಯಲ್ಲ. ಮೆಟ್ಟಿಲು ಹತ್ತುವಾಗ ನನ್ನ ಏದುಸಿರು ಮೊದಲಿಗಿಂತ ಕಡಿಮೆ ಎಂದು ನನಗನ್ನಿಸುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ.

ಇನ್ನು ಆ ನೀರಿನ ಪ್ರಶ್ನೆ. ಕೆಳಗಿನ ಸಣ್ಣ ಗುಂಡಿ ಒತ್ತಿ ನೀರು ಚೆಲ್ಲುವುದನ್ನು ನೋಡಿ ಸೊಸೆ ಮುಖ ಸಿಂಡರಿಸಿದಳು. "ಅಮ್ಮೀ, ಉಗುಳು!" ಅಂದಳು. ಅದು ಹೆಚ್ಚಿನದು ಉಗುಳಲ್ಲ. ಬಾಯಿಂದ ಹೋದ ಬಿಸಿ ಉಸಿರಿನ ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಒಳಗಿನ ಹನಿಯ ಹಾಗೆ. ಆದರೂ ಈಗ ಒಂದು ಹಳೇ ಬಟ್ಟೆ ಹಾಸಿಕೊಂಡೇ ಕೂರುತ್ತೇನೆ. ಮನೆ ಅವಳದೂ ಹೌದಲ್ಲ.

ಯಜಮಾನರು ಏನೆಂದರು ಎಂದು ಕೇಳುತ್ತೀರಿ. ಅವರು ಮಾತು ಕಡಿಮೆ. ಮೊದಲನೇ ದಿನ ಪತ್ರಿಕೆ ಓದುತ್ತಾ ಕೂತಿದ್ದವರು ಎದ್ದು ಬಂದು ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ಹೇಳಲೇ ಇಲ್ಲವಲ್ಲ" ಎಂದರು. "ಅಬ್ಬಾ ಬ್ಯಾಂಡಿನವರು ಅಂತ ನಿಮಗೆ ಗೊತ್ತಿತ್ತಲ್ಲ" ಎಂದೆ. "ಅವರ ವಿಷಯ ಅಲ್ಲ, ನಿನ್ನ ವಿಷಯ" ಎಂದರು. ಮರುದಿನ ಹಿಂದಿನ ಸಾಮಾನು ಕೋಣೆಯಲ್ಲಿದ್ದ ಮೂಟೆಗಳನ್ನು ಒಂದು ಕಡೆಗೆ ಸರಿಸಿ ಒಂದು ಕುರ್ಚಿ ಹಾಕಿಸಿಕೊಟ್ಟರು.

ಯಜಮಾನರ ಅಕ್ಕನದು ಬೇರೆ ಮಾತು. ಅವರನ್ನು ನಾವೆಲ್ಲ ಆಪಾ ಅನ್ನುತ್ತೇವೆ, ಮನೆಯ ಹಿರಿಯರು. "ಮೊಮ್ಮಕ್ಕಳನ್ನು ಕಂಡವಳು, ಈ ವಯಸ್ಸಿನಲ್ಲಿ ಬಾಜಾ ಊದುವುದಾ? ತಸ್ಬೀಹ್ ಹಿಡಿಯುವ ವಯಸ್ಸಲ್ಲವಾ?" ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಪತ್ರಿಕೆ ಓದುವ ನಿಮ್ಮಲ್ಲೂ ಅನೇಕರಿಗೆ ಅದೇ ಪ್ರಶ್ನೆ ಬಂದಿರುತ್ತದೆ. ಮದುವೆ, ಹಬ್ಬದಲ್ಲಿ ದಫ್ ಬಾರಿಸುವುದನ್ನು ಒಪ್ಪುವ ವಿದ್ವಾಂಸರಲ್ಲೂ ಉಳಿದ ವಾದ್ಯಗಳ ವಿಷಯದಲ್ಲಿ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಈ ಒಂದು ವಿಷಯಕ್ಕೇ ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದ್ದಾರೆ. ಅವರೂ ಕೆಲವನ್ನು ಒಪ್ಪಿ, ಕೆಲವನ್ನು ಬಿಡುತ್ತಾರೆ. ನಮ್ಮ ಕಾಲದ ಯೂಸುಫ್ ಅಲ್ ಕರ್ಝಾವಿಯವರು ಹಲವು ಷರತ್ತುಗಳೊಂದಿಗೆ ಸಂಗೀತವನ್ನು ಒಪ್ಪಿದವರು. ಪೂರ್ತಿ ಬೇಡ ಎನ್ನುವವರ ಸಂಖ್ಯೆಯೂ ದೊಡ್ಡದು. ಫತ್ವಾ ಕೊಡಲು ನಾನು ಯಾರು? ನಮ್ಮ ಮೊಹಲ್ಲಾದ ಮೌಲಾನಾರ ಹೆಂಡತಿಯ ಮೂಲಕ ಕೇಳಿಸಿದೆ. ಅವರು ಎರಡೂ ಅಭಿಪ್ರಾಯಗಳನ್ನು ಬಿಡಿಸಿ ಹೇಳಿ ಕಳಿಸಿದರು. ಒಂದು ಮಾತು ಸೇರಿಸಿದ್ದರು: ನಮಾಝಿಗೆ ಅಡ್ಡಿಯಾಗಬಾರದು, ನೆರೆಯವರ ಹಕ್ಕನ್ನು ಮರೆಯಬಾರದು.

ನೆರೆಯವರ ಹಕ್ಕು ನಿಜಕ್ಕೂ ದೊಡ್ಡ ಪ್ರಶ್ನೆ. ಬೀದಿಯಲ್ಲಿ ಸಾವಿರ ಜನರ ಗದ್ದಲದ ನಡುವೆ ಕೇಳಿಸಲೆಂದೇ ಮಾಡಿದ ವಾದ್ಯ ಇದು. ಬಾಯಿಗೆ ಬಟ್ಟೆ ತುರುಕಿದರೆ ಸದ್ದು ತಗ್ಗುತ್ತದೆ, ಸ್ವರವೂ ಕೆಡುತ್ತದೆ. ಅದಕ್ಕೆಂದೇ ಬಾಯಿಗೆ ಸಿಕ್ಕಿಸುವ ಮುಚ್ಚಳ ಸಿಗುತ್ತದೆ, ಮ್ಯೂಟ್ ಅನ್ನುತ್ತಾರೆ. ಮಗ ಬೆಂಗಳೂರಿನಿಂದ ತಂದುಕೊಟ್ಟ. ಕೋಣೆಯ ಕಿಟಕಿಗೆ ಎರಡು ರಜಾಯಿ ನೇತುಹಾಕಿದ್ದೇನೆ. ಸಮಯ ಅಸ್ರ್ ನಮಾಝ್ ಮುಗಿದ ಮೇಲೆ, ಮಗ್ರಿಬ್ ಅಝಾನಿಗೆ ಬಹಳ ಮೊದಲು, ಪಕ್ಕದ ಮನೆಯ ಮಗು ಮಧ್ಯಾಹ್ನದ ನಿದ್ದೆಯಿಂದ ಎದ್ದ ಬಳಿಕ. ಎದುರು ಮನೆಯ ಟೀಚರಮ್ಮನಿಗೆ ಮೊದಲೇ ಹೋಗಿ ಹೇಳಿಬಂದೆ. "ಅಯ್ಯೋ, ಅದು ನೀವಾ? ನಾನು ಯಾವುದೋ ಲಾರಿ ಅಂದುಕೊಂಡಿದ್ದೆ" ಎಂದರು. ಆ ತಿಂಗಳಲ್ಲಿ ಅದು ನ್ಯಾಯವಾದ ಅಭಿಪ್ರಾಯವೇ.

ರಮಝಾನಿನಲ್ಲಿ ಊದುವುದಿಲ್ಲ. ಉಪವಾಸದಲ್ಲಿ ತುಟಿ ಒಣಗಿರುತ್ತದೆ, ಮನಸ್ಸೂ ಬೇರೆ ಕಡೆ ಇರುತ್ತದೆ. ಆದರೆ ಆ ತಿಂಗಳಲ್ಲಿ ಕಹಳೆ ಊದುವ ಊರುಗಳೂ ಇವೆ ಎಂದು ನಿಮಗೆ ಗೊತ್ತೇ? ಮೊರಾಕ್ಕೊದ ಹಳೆಯ ನಗರಗಳಲ್ಲಿ ನಫ್ಫಾರ್ ಎಂಬಾತ ರಮಝಾನಿನ ರಾತ್ರಿಗಳಲ್ಲಿ ತನ್ನಷ್ಟೇ ಉದ್ದದ ಒಂದು ಕಹಳೆಯನ್ನು ಊದುತ್ತಾ ಗಲ್ಲಿ ಗಲ್ಲಿ ತಿರುಗಿ ಜನರನ್ನು ಸಹರಿಗೆ ಎಬ್ಬಿಸುತ್ತಾನೆ. ಆ ಕಹಳೆಗೆ ವಾಲ್ವ್ ಇಲ್ಲ. ಗಡಿಯಾರ, ಮೊಬೈಲು ಬಂದ ಮೇಲೂ ಕೆಲವು ಕಡೆ ಆ ಸಂಪ್ರದಾಯ ಉಳಿದಿದೆ. ನಫೀರ್ ಎಂಬ ಕಹಳೆಯ ಹೆಸರು ಅಕ್ಬರ್ ಬಾದಶಹನ ನಕ್ಕಾರಖಾನೆಯ ವಾದ್ಯಗಳ ಪಟ್ಟಿಯಲ್ಲೂ ಇದೆ. ಅಬುಲ್ ಫಝ್ಲ್ 'ಆಯಿನೆ ಅಕ್ಬರಿ'ಯಲ್ಲಿ ಬರೆದಿದ್ದಾನೆ. ಇದನ್ನೆಲ್ಲ ಆಪಾಗೆ ಹೇಳಿದೆ. "ಸರಿ, ಹಾಗಾದರೆ ಸಹರಿಗೆ ನನ್ನನ್ನು ಎಬ್ಬಿಸು" ಎಂದು ನಕ್ಕರು. ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಅವರು ಮನೆಗೆ ಬಂದ ದಿನ ನಾನು ಊದುವುದಿಲ್ಲ. ಅವರೂ ಸಾಮಾನು ಕೋಣೆಯ ಕಡೆ ನೋಡುವುದಿಲ್ಲ.

ಇದರಿಂದ ನಿನಗೇನು ಸಿಕ್ಕಿತು ಎಂದು ತಮ್ಮ ಫೋನಿನಲ್ಲಿ ಕೇಳಿದ. ಸಂಪಾದನೆಯಿಲ್ಲ, ಯಾರ ಮುಂದೆ ನುಡಿಸುವ ಆಸೆಯೂ ಇಲ್ಲ. ಆದರೆ ಊದಿ ಮುಗಿಸಿ ಕನ್ನಡಿ ನೋಡಿದರೆ ಮೇಲ್ದುಟಿಯ ಮೇಲೆ ಅದೇ ಉಂಗುರದ ಗುರುತು ಅರ್ಧ ಗಂಟೆ ಇರುತ್ತದೆ. ಮೀಸೆಯ ಕೆಳಗೆ ಮುಚ್ಚಿಡಲು ಹೇಳಿದ ಗುರುತು. ಒಂದು ಸಂಜೆ ಅದು ಮಾಸುವ ಮುನ್ನವೇ ಹಾಲಿನ ಅಂಗಡಿಗೆ ಹೋದೆ. ಅಂಗಡಿಯಾಕೆ "ತುಟಿಗೆ ಏನಾಯಿತು ಭಾಬಿ?" ಎಂದು ಕೇಳಿದಳು. "ಕಾರ್ನೆಟ್ ಊದುತ್ತೇನೆ. ನಮ್ಮ ತಂದೆ ಮೈಸೂರಿನಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದರು" ಎಂದೆ. ಹಾಸನದಲ್ಲಿ ಮನೆಯಿಂದ ಹೊರಗೆ ಆ ವಾಕ್ಯವನ್ನು ನಾನು ಹೇಳಿದ್ದು ಅದೇ ಮೊದಲು. ಆಕೆ "ಹೌದಾ, ನಮ್ಮ ಮದುವೆಗೂ ಬ್ಯಾಂಡ್ ಇತ್ತು" ಎಂದು ಚಿಲ್ಲರೆ ಎಣಿಸಿ ಕೊಟ್ಟಳು. ಅಷ್ಟೇ ಆದದ್ದು.

ಕಳೆದ ಆಗಸ್ಟ್ 15ಕ್ಕೆ ಮೊಮ್ಮಗ ಹಠ ಹಿಡಿದ. 'ಸಾರೇ ಜಹಾಂ ಸೆ ಅಚ್ಛಾ' ಊದಬೇಕು ಎಂದು. ಇಕ್ಬಾಲರು 1904ರಲ್ಲಿ ಬರೆದ ಆ ಗೀತೆ ಶಾಲೆಯಲ್ಲಿ ಅವನಿಗೆ ಕಲಿಸಿದ್ದರು. ದೆಹಲಿಯಲ್ಲಿ ಗಣರಾಜ್ಯೋತ್ಸವದ ಬಳಿಕ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ಸೈನ್ಯದ ಬ್ಯಾಂಡುಗಳು ಅದೇ ಧಾಟಿಯಲ್ಲಿ ಹೆಜ್ಜೆ ಹಾಕುವುದನ್ನು ಟಿವಿಯಲ್ಲಿ ನೋಡಿದ್ದ. ಮ್ಯೂಟ್ ತೆಗೆದು, ಮನೆಯ ಹಿಂದಿನ ಅಂಗಳದಲ್ಲಿ ನಿಂತು ಊದಿದೆ. ಎರಡು ಕಡೆ ಸ್ವರ ಒಡೆಯಿತು. ಮೇಲಿನ ಒಂದು ಸ್ವರಕ್ಕೆ ಉಸಿರು ಸಾಲಲಿಲ್ಲ. ಅವನಿಗೆ ಅದೇನೂ ಗೊತ್ತಾಗಲಿಲ್ಲ. ಎದುರು ಮನೆಯ ಟೀಚರಮ್ಮ ಸಂಜೆ ಸಿಕ್ಕಿ "ಈ ಸಲ ಲಾರಿಯಲ್ಲ" ಎಂದರು.

ಮೂರನೆಯ ವಾಲ್ವ್ ಮಾತ್ರ ಇನ್ನೂ ಹಾಗೆಯೇ ಇದೆ. ಒಳಗಿನ ಸ್ಪ್ರಿಂಗ್ ಸೋತಿದೆ. ಅದೇ ಅಳತೆಯದು ಮೀರತ್ತಿನಿಂದ ಬರಬೇಕು. ಮಗ ವಿಚಾರಿಸಿ ಹಣ ಕಳಿಸಿದ್ದಾನೆ. ಗಟ್ಟಿಯಾಗಿ ನಿಲ್ಲುವ ನಡುಸ್ವರದಿಂದ ಶುರುಮಾಡಿ ಮೇಲಿನ ಅದೇ ಸ್ವರದವರೆಗೆ ಹೋದರೆ ಆ ಇಡೀ ಏಣಿಯಲ್ಲಿ ಮೂರನೆಯ ಗುಂಡಿಯನ್ನು ಎಲ್ಲಿಯೂ ಮುಟ್ಟಬೇಕಾಗಿಲ್ಲ. ಸ್ಪ್ರಿಂಗ್ ಬರುವವರೆಗೆ ಆ ಏಣಿಯಲ್ಲಿ ಹಿಡಿಯುವ ಹಾಡುಗಳನ್ನು ಹುಡುಕಿ ಊದುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ.